ನಮ್ಮ ಮನೆಯ ಎಂಟು ಚಕ್ರದ ಗಾಡಿ

ಹೆಂಗಸರ ಹವ್ಯಾಸ ಅಂದರೆ ಏನೇನು ಎಂಬುದಕ್ಕೆ ನಮ್ಮಲ್ಲಿ ಒಂದು ಪಟ್ಟಿಯೇ ಇದೆ. ಕಸೂತಿ, ಹೆಣಿಗೆ, ರಂಗೋಲಿ, ಮಣಿ ಪೋಣಿಸಿದ ಬಾಗಿಲ ತೋರಣ, ಹೂವಿನ ಕುಂಡ, ಹೆಚ್ಚೆಂದರೆ ಗಾಜಿನ ಮೇಲೆ ಬಣ್ಣದ ಚಿತ್ರ. ಈ ಪಟ್ಟಿಯಲ್ಲಿ ಇಲ್ಲದ್ದನ್ನು ಯಾರಾದರೂ ಹಿಡಿದು ಕೂತರೆ "ಇವಳಿಗೇನು ಬಂತಪ್ಪಾ!" ಎಂದು ಹುಬ್ಬೇರಿಸುವವರೇ ಎಲ್ಲ. ನನ್ನ ಹವ್ಯಾಸ ಕೇಳಿದರೆ ಓದುಗ ಸೋದರಿಯರಾದ ನೀವೂ ಹುಬ್ಬೇರಿಸುತ್ತೀರಿ, ನನಗೆ ಗೊತ್ತು. ಎಂಟು ಚಕ್ರದ ಮಿಲಿಟರಿ ಗಾಡಿಗಳ ಪುಟ್ಟ ಪುಟ್ಟ ಮಾದರಿಗಳನ್ನು ಮಾಡುವುದು ನನ್ನ ಹವ್ಯಾಸ. ಅಡಿಗೆಮನೆ ಕೆಲಸ ಮುಗಿಸಿ, ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿಕೊಂಡು ಕೂತೆನೆಂದರೆ ಫೋನು ಹೊಡೆದುಕೊಂಡರೂ ನನಗೆ ಕೇಳಿಸದು.

ಮನೆಗೆ ಬಂದವರು ಷೋಕೇಸಿನಲ್ಲಿ ಅವನ್ನು ನೋಡಿ "ಮಗ ಮಾಡಿದ್ದಾ?" ಅಂತಾರೆ. "ಅಲ್ಲ, ನಾನು" ಅಂದರೆ ತಮಾಷೆ ಮಾಡುತ್ತಿದ್ದೇನೆಂದು ನಗುತ್ತಾರೆ. ಆಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಅಲ್ಲಾರೀ, ಮನೆ ತುಂಬ ದೇವರ ಪಟ ಇಟ್ಕೊಂಡು, ಈ ಯುದ್ಧದ ಗಾಡಿ ಯಾಕೆ ಬೇಕಿತ್ತು?" ಈ ಪ್ರಶ್ನೆಗೆ ನಿಂತ ಕಾಲಲ್ಲಿ ಉತ್ತರ ಹೇಳೋಕಾಗಲ್ಲ. ಅದಕ್ಕೇ ನಿಮ್ಮೆದುರು ನಿಧಾನವಾಗಿ ಕೂತು ಹೇಳುತ್ತಿದ್ದೇನೆ. ಕೇಳಿ.

ಮೊದಲು ಈ ಗೀಳು ಹತ್ತಿದ್ದು ಹೇಗೆ ಅನ್ನೋದು. ನನ್ನ ಅಕ್ಕನ ಮಗ ಕೆಲಸದ ಮೇಲೆ ದೂರದೂರಿಗೆ ಹೊರಟಾಗ ಒಂದು ರಟ್ಟಿನ ಡಬ್ಬ ತಂದು "ಚಿಕ್ಕಮ್ಮ, ಇದನ್ನ ಅಟ್ಟದ ಮೇಲಿಡಿ, ಆಮೇಲೆ ಬಂದು ತಗೋತೀನಿ" ಅಂದ. ಒಂದು ಯುಗಾದಿಗೆ ಅಟ್ಟ ಗುಡಿಸುವಾಗ ಆ ಡಬ್ಬ ಕೈಗೆ ಬಂತು. ತೆರೆದು ನೋಡಿದರೆ ಒಳಗೆ ಹಸಿರು ಪ್ಲಾಸ್ಟಿಕ್ಕಿನ ಜಾಲರಿಗಳು. ಒಂದೊಂದು ಜಾಲರಿಯಲ್ಲೂ ಹತ್ತಾರು ಚೂರುಗಳು ಅಂಟಿಕೊಂಡು, ಪ್ರತಿ ಚೂರಿನ ಪಕ್ಕ ಒಂದೊಂದು ನಂಬರು. ರಷ್ಯಾದ ಜ್ವೆಜ್ದಾ ಎಂಬ ಕಂಪನಿಯದು. ಜ್ವೆಜ್ದಾ ಅಂದರೆ ಅವರ ಭಾಷೆಯಲ್ಲಿ ನಕ್ಷತ್ರ. ಒಳಗಿನ ಗಾಡಿಯ ಹೆಸರು ಬಿಟಿಆರ್-80. ಅಳಿಯನಿಗೆ ಫೋನು ಮಾಡಿ ಕೇಳಿದೆ. "ಅಯ್ಯೋ, ಅದು ನನಗೆ ಮರೆತೇ ಹೋಗಿತ್ತು. ನೀವೇ ಮಾಡಿ ಚಿಕ್ಕಮ್ಮ!" ಅಂದುಬಿಟ್ಟ. ಸೂಚನೆಯ ಹಾಳೆಯಲ್ಲಿ ಬರಹಕ್ಕಿಂತ ಚಿತ್ರವೇ ಹೆಚ್ಚು. ಚಿತ್ರ ನೋಡಿ ಸ್ವೆಟರ್ ಹೆಣೆದವಳಿಗೆ ಇದೇನು ಮಹಾ ಅನ್ನಿಸಿತು. ಕೂತೇಬಿಟ್ಟೆ.

ಇಲ್ಲಿ ಒಂದು ಮಾತು. ಇವು ಆಟದ ಸಾಮಾನಲ್ಲ. ನಿಜವಾದ ಗಾಡಿಯನ್ನು ಅಳತೆ ತಪ್ಪದ ಹಾಗೆ ಕುಗ್ಗಿಸಿ ಮಾಡಿದ ಮಾದರಿಗಳು. ಹೆಚ್ಚಾಗಿ ಬಳಸುವ ಅಳತೆ ಮೂವತ್ತೈದಕ್ಕೆ ಒಂದು. ಈ ಮೂವತ್ತೈದು ಎಲ್ಲಿಂದ ಬಂತು ಅನ್ನೋದೇ ಒಂದು ಸ್ವಾರಸ್ಯ. ಜಪಾನಿನ ಶಿಜುವೊಕಾ ಎಂಬ ಊರಿನಲ್ಲಿ 1946ರಲ್ಲಿ ತಮಿಯಾ ಎಂಬ ಮನೆತನದವರು ಮರದ ವ್ಯಾಪಾರ ಶುರು ಮಾಡಿದರು. ಒಂದೆರಡು ವರ್ಷದಲ್ಲೇ ಮರದ ಮಾದರಿಗಳನ್ನು ಮಾಡತೊಡಗಿದರು. 1960ರ ಸುಮಾರಿಗೆ ಪ್ಲಾಸ್ಟಿಕ್ಕಿಗೆ ಇಳಿದರು. ಸ್ವಲ್ಪದರಲ್ಲೇ ಪ್ಯಾಂಥರ್ ಎಂಬ ಜರ್ಮನ್ ಟ್ಯಾಂಕಿನ ಮಾದರಿ ಮಾಡುವಾಗ, ಅದು ಓಡುವಂತಿರಬೇಕು, ಹೊಟ್ಟೆಯೊಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಸಬೇಕು ಅಂತ ಅದಕ್ಕೆ ತಕ್ಕ ಗಾತ್ರ ಇಟ್ಟುಕೊಂಡರು. ಆಮೇಲೆ ಅಳೆದು ನೋಡಿದರೆ ಅದು ನಿಜವಾದ ಟ್ಯಾಂಕಿನ ಮೂವತ್ತೈದರಲ್ಲಿ ಒಂದು ಪಾಲಿನಷ್ಟಿತ್ತು! ಅಂದಿನಿಂದ ಪ್ರಪಂಚದ ತುಂಬ ಸೈನ್ಯದ ಮಾದರಿಗಳಿಗೆ ಅದೇ ಅಳತೆ ರೂಢಿಯಾಯಿತು. ನಮ್ಮ ಅಜ್ಜಿಯ ಕಾಲದ ಪಾವು-ಚಟಾಕು ನೆನಪಾಗುವುದಿಲ್ಲವೇ? ಯಾರದೋ ಕೈಗೆ ಅನುಕೂಲವಾದದ್ದು ಊರಿಗೆಲ್ಲ ಅಳತೆಯಾಗುತ್ತದೆ.

ಬಿಟಿಆರ್-80 ನಿಜದಲ್ಲಿ ಏಳೂಮುಕ್ಕಾಲು ಮೀಟರಿಗೆ ಸ್ವಲ್ಪ ಕಡಿಮೆ ಉದ್ದ, ಸುಮಾರು ಮೂರು ಮೀಟರು ಅಗಲ. ಮೂವತ್ತೈದರಿಂದ ಭಾಗಿಸಿದರೆ ಉದ್ದ 22 ಸೆಂಟಿಮೀಟರು. ಚಪಾತಿ ಮಣೆಯ ಮೇಲೆ ಕೂರುತ್ತದೆ. ಆದರೆ ಈ ಲೆಕ್ಕದಲ್ಲಿ ನಮ್ಮ ಒಂದು ಮಿಲಿಮೀಟರು ಅಂದರೆ ಅಲ್ಲಿ ಮೂರೂವರೆ ಸೆಂಟಿಮೀಟರು. ಅಂಟಿಸುವಾಗ ಎರಡು ಕೂದಲೆಳೆ ಸಂದಿ ಬಿಟ್ಟರೂ ನಿಜದ ಗಾಡಿಯಲ್ಲಿ ಎದ್ದು ಕಾಣುವಷ್ಟು ಬಿರುಕು ಬಿಟ್ಟ ಹಾಗೆ. ಆ ಗಾಡಿಯೋ ನೀರಿನಲ್ಲೂ ತೇಲಿಕೊಂಡು ಹೋಗುವಂಥದ್ದು. ಬಿರುಕು ಬಿಟ್ಟರೆ ಒಳಗಿನವರ ಗತಿ!

ಈಗ ಎಂಟು ಚಕ್ರದ ವಿಷಯ. ಲಾರಿಗೆ ಹತ್ತು ಚಕ್ರ, ಹನ್ನೆರಡು ಚಕ್ರ ನಾವು ನೋಡಿದ್ದೇವೆ, ಇದರಲ್ಲೇನು ವಿಶೇಷ ಅಂತೀರಾ? ಲಾರಿಯಲ್ಲಿ ಇಂಜಿನ್ನು ಎಲ್ಲ ಚಕ್ರಗಳನ್ನೂ ತಿರುಗಿಸುವುದಿಲ್ಲ. ಎಷ್ಟೋ ಚಕ್ರಗಳು ಸುಮ್ಮನೆ ಹೇರು ಹೊತ್ತು ಹಿಂದೆ ಉರುಳುತ್ತವೆ. ಈ ಮಿಲಿಟರಿ ಗಾಡಿಗಳಲ್ಲಿ ಎಂಟಕ್ಕೆ ಎಂಟೂ ಚಕ್ರ ದುಡಿಯುತ್ತವೆ. ನಾಲ್ಕು ಕೆಸರಲ್ಲಿ ಹೂತರೆ ಉಳಿದ ನಾಲ್ಕು ಎಳೆಯುತ್ತವೆ. ಬಿಟಿಆರ್-80 ಹದಿಮೂರೂವರೆ ಟನ್ನಿಗಿಂತ ಸ್ವಲ್ಪ ಹೆಚ್ಚು ತೂಕ. ಎಂಟು ಚಕ್ರಕ್ಕೆ ಹಂಚಿದರೆ ಒಂದೊಂದಕ್ಕೆ ಬೀಳುವುದು ಒಂದೂಮುಕ್ಕಾಲು ಟನ್ನಿನಷ್ಟು. ಎರಡು ಮೀಟರು ಅಗಲದ ಕಂದಕ ಅಡ್ಡ ಬಂದರೆ, ಮುಂದಿನ ಚಕ್ರ ಆಚೆ ದಡ ಮುಟ್ಟುವವರೆಗೆ ಹಿಂದಿನವು ಗಾಡಿಯನ್ನು ಹಿಡಿದು ನಿಲ್ಲಿಸುತ್ತವೆ. ಒಂದೆರಡು ಚಕ್ರ ಗುಂಡಿಗೆ ಸಿಕ್ಕಿ ಹಾರಿ ಹೋದರೂ ಉಳಿದವು ಒಳಗಿನವರನ್ನು ಹೊತ್ತುಕೊಂಡು ಮನೆ ಮುಟ್ಟಿಸಬೇಕು ಅನ್ನೋದು ಅದರ ಲೆಕ್ಕಾಚಾರ. ಟೈರಿನ ಗಾಳಿಯನ್ನು ಡ್ರೈವರ್ ಕೂತಲ್ಲಿಂದಲೇ ಹೆಚ್ಚು ಕಡಿಮೆ ಮಾಡಬಹುದು. ಮರಳಿನಲ್ಲಿ ಗಾಳಿ ಇಳಿಸಿದರೆ ಟೈರು ಒಂಟೆಯ ಪಾದದ ಹಾಗೆ ಹರಡಿಕೊಳ್ಳುತ್ತದೆ.

ಮಾದರಿ ಮಾಡುವವರಿಗೆ ತೊಂದರೆ ಇರೋದೂ ಈ ಎಂಟರಲ್ಲೇ. ಮೂರು ಕಾಲಿನ ಸ್ಟೂಲು ಎಂಥ ನೆಲದಲ್ಲೂ ಅಲ್ಲಾಡುವುದಿಲ್ಲ. ನಾಲ್ಕು ಕಾಲಿನದಾದರೆ ಒಂದು ಕಾಲು ಗಿಡ್ಡವಾದರೂ ಕುಂಟುತ್ತದೆ. ಇನ್ನು ಎಂಟು ಅಂದರೆ ಕೇಳಬೇಕೆ? ಒಂದು ಅಚ್ಚು ಕೂದಲಷ್ಟು ಓರೆಯಾದರೂ ಎರಡು ಚಕ್ರ ಗಾಳಿಯಲ್ಲಿ ತೇಲುತ್ತವೆ. ಅಷ್ಟು ಭಾರದ ಗಾಡಿಯ ಚಕ್ರ ನೆಲ ಬಿಟ್ಟು ನಿಂತರೆ ನೋಡಿದವರು ನಗುವುದಿಲ್ಲವೇ? ಅದಕ್ಕೆ ಉಪಾಯ ಇದೆ. ಅಂಟು ಇನ್ನೂ ಮೆತ್ತಗಿರುವಾಗಲೇ ಗಾಡಿಯನ್ನು ಮುಖ ನೋಡುವ ಕನ್ನಡಿಯ ಮೇಲೆ ನಿಲ್ಲಿಸಬೇಕು. ಕನ್ನಡಿಗಿಂತ ಸಮನಾದ ನೆಲ ಮನೆಯಲ್ಲಿ ಬೇರೆ ಇಲ್ಲ. ಮೇಲಾಗಿ ಚಕ್ರಕ್ಕೂ ಅದರ ಬಿಂಬಕ್ಕೂ ನಡುವೆ ಸಂದಿ ಇದ್ದರೆ ಎರಡರಷ್ಟಾಗಿ ಕಾಣುತ್ತದೆ. ಎಂಟೂ ಚಕ್ರದ ಕೆಳಗೆ ತೆಳ್ಳನೆ ಕಾಗದದ ಚೂರು ಇಟ್ಟು ಒಂದೊಂದಾಗಿ ಎಳೆಯಿರಿ. ಯಾವುದು ಸರಾಗ ಜಾರಿ ಬಂತೋ ಆ ಚಕ್ರ ನೆಲ ಮುಟ್ಟಿಲ್ಲ ಅಂತ ಲೆಕ್ಕ. ಅದನ್ನು ಮೆಲ್ಲಗೆ ಒತ್ತಿ, ಗಾಡಿಯ ಬೆನ್ನ ಮೇಲೆ ಅಕ್ಕಿಯ ಪುಟ್ಟ ಗಂಟು ಹೇರಿ, ರಾತ್ರಿಯಿಡೀ ಬಿಟ್ಟುಬಿಡಬೇಕು. ಬೆಳಿಗ್ಗೆ ಕಾಫಿಗೆ ಹಾಲಿಡುವ ಮುಂಚೆ ನಾನು ಹೋಗಿ ನೋಡುವುದು ಅದನ್ನೇ.

ಉಳಿದ ಸಲಕರಣೆಗೆ ಪೇಟೆ ಸುತ್ತಬೇಕಾಗಿಲ್ಲ. ಚೂರುಗಳನ್ನು ಜಾಲರಿಯಿಂದ ಬಿಡಿಸೋದಕ್ಕೆ ಉಗುರು ಕತ್ತರಿ. ಅಂಚು ನಯ ಮಾಡೋದಕ್ಕೆ ಉಗುರು ಉಜ್ಜುವ ಪಟ್ಟಿ. ಕಡಲೆಬೇಳೆಗಿಂತ ಸಣ್ಣ ಚೂರು ಹಿಡಿಯೋದಕ್ಕೆ ಹುಬ್ಬು ಕೀಳುವ ಚಿಮುಟ. ಅಂಟಿಸಿದ್ದು ಒಣಗುವವರೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು. ಕೆಲಸ ಶುರು ಮಾಡುವ ಮುಂಚೆ ಜಾಲರಿಗಳನ್ನು ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಬೇಕು. ಅಚ್ಚಿನಿಂದ ಸುಲಭವಾಗಿ ಏಳಲೆಂದು ಕಾರ್ಖಾನೆಯಲ್ಲಿ ಬಳಿದ ಜಿಡ್ಡು ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ. ಹೊಸ ಇಡ್ಲಿ ತಟ್ಟೆಯನ್ನು ತೊಳೆಯದೆ ನಾವು ಬಳಸುತ್ತೇವೆಯೇ? ಹಾಗೇ ಇದು. ಇನ್ನು ಅಂಟು ನಮ್ಮ ಮೈದಾ ಗೋಂದಿನಂತಲ್ಲ. ಅದು ಪ್ಲಾಸ್ಟಿಕ್ಕನ್ನೇ ಕರಗಿಸಿ ಎರಡು ಚೂರನ್ನು ಒಂದು ಮಾಡಿಬಿಡುತ್ತದೆ. ಕುಂಚದ ತುದಿಯಲ್ಲಿ ಒಂದು ತೊಟ್ಟು ಸಾಕು. ಧಾರಾಳ ಮಾಡಿದರೆ ಚೂರೇ ಕರಗುತ್ತದೆ.

ಬಣ್ಣವನ್ನು ನೀರುದೋಸೆ ಹಿಟ್ಟಿನ ಹದಕ್ಕೆ ತೆಳ್ಳಗೆ ಮಾಡಿ ಮೂರು ಸಲ ಬಳಿಯಬೇಕು. ಒಂದೇ ಸಲ ದಪ್ಪ ಬಳಿದರೆ ಮೊಳೆಯ ತಲೆಗಳೆಲ್ಲ ಮುಚ್ಚಿಹೋಗುತ್ತವೆ. ಆಮೇಲೆ ಕಂದು ಬಣ್ಣದ ನೀರನ್ನು ಸಂದಿಗೊಂದಿಗೆ ಬಿಟ್ಟು ಮೇಲೆ ಒರೆಸಿದರೆ ನೆರಳು ಕೂರುತ್ತದೆ. ಕುಂಚವನ್ನು ಬಟ್ಟೆಗೆ ಒರೆಸಿ, ಬಣ್ಣ ಇನ್ನೇನು ಮುಗಿಯಿತು ಅನ್ನುವಾಗ ಅಂಚುಗಳ ಮೇಲೆ ಆಡಿಸಿದರೆ ಸವೆದ ಕಬ್ಬಿಣದ ಹೊಳಪು ಬರುತ್ತದೆ. ಕೊನೆಗೆ ಧೂಳು. ಅಂಗಳದ ಮಣ್ಣನ್ನು ಹಾಗೇ ಹಾಕಿದರೆ ಒಂದೊಂದು ಕಾಳೂ ಆ ಅಳತೆಯಲ್ಲಿ ಕಲ್ಲುಗುಂಡಿನಂತೆ ಕಾಣುತ್ತದೆ. ಬಣ್ಣದ ಸೀಮೆಸುಣ್ಣವನ್ನು ಕೆರೆದು ವಸ್ತ್ರಗಾಳಿತ ಮಾಡಿ ಒಣ ಕುಂಚದಿಂದ ಉದುರಿಸಬೇಕು. ದಿನಾ ಮನೆಯ ಧೂಳು ಹೊಡೆಯುವ ನಾನು ಇಲ್ಲಿ ಕೂತು ಆಸೆಪಟ್ಟು ಧೂಳು ಹಾಕುತ್ತೇನೆ, ನೋಡಿ ಎಂಥ ವಿಚಿತ್ರ!

ಇಷ್ಟೇ ಆಗಿದ್ದರೆ ನಿಮಗೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ನಮ್ಮನೆಯವರ ವಿಷಯ ಹೇಳಬೇಕು.

ಇವರು ಸೈನ್ಯದಲ್ಲಿ ಇಪ್ಪತ್ತನಾಲ್ಕು ವರ್ಷ ಡ್ರೈವರ್ ಆಗಿದ್ದವರು. ಹವಾಲ್ದಾರರಾಗಿ ನಿವೃತ್ತರಾಗಿ ಬಂದಾಗ ವಯಸ್ಸು ಇನ್ನೂ ನಲವತ್ತೈದು ತುಂಬಿರಲಿಲ್ಲ. ವರ್ಷಕ್ಕೊಮ್ಮೆ ಎರಡು ತಿಂಗಳು ರಜಕ್ಕೆ ಬಂದು ಹೋಗುತ್ತಿದ್ದವರು ಇನ್ನು ಖಾಯಂ ಮನೆಯಲ್ಲೇ ಇರುತ್ತಾರೆ ಅಂತ ನಾನೂ ಮಗಳೂ ಹಿಗ್ಗಿದ್ದೇ ಹಿಗ್ಗಿದ್ದು. ಬಂದರು, ನಿಜ. ಆದರೆ ಮಾತು ಬಿಟ್ಟು ಬಂದಿದ್ದರು. ನಾಲ್ಕೂವರೆಗೆ ಏಳೋದು, ಗಡ್ಡ ಹೆರೆಯೋದು, ಶೂಸಿಗೆ ಮುಖ ಕಾಣುವ ಹಾಗೆ ಪಾಲಿಷ್ ಹಾಕೋದು. ಹಾಕಿದ ಶೂಸನ್ನು ಜೋಡಿಸಿಟ್ಟು ಚಪ್ಪಲಿ ಮೆಟ್ಟಿಕೊಂಡು ಜಗಲಿಯ ಮೇಲೆ ಕೂರೋದು. ಮರುದಿನ ಅದೇ ಶೂಸಿಗೆ ಮತ್ತೆ ಪಾಲಿಷ್. ಒಂದು ಕಡೆ ಸೆಕ್ಯೂರಿಟಿ ಕೆಲಸಕ್ಕೆ ಹೋದರು. ಮೂರು ತಿಂಗಳಿಗೆ ಬಿಟ್ಟು ಬಂದರು. ಯಾಕೆ ಅಂದರೆ "ಸುಮ್ನೆ" ಅಂದರು. ಕುಡಿತ, ಜೂಜು ಯಾವುದೂ ಇಲ್ಲ. ಸಿಟ್ಟೂ ಇಲ್ಲ. ಸುಮ್ಮನೆ ಕೂರುತ್ತಾರೆ. "ದೇವರಂಥ ಗಂಡ, ನಿನಗೇನು ಕಮ್ಮಿ" ಅಂತ ನಮ್ಮತ್ತಿಗೆ ಅಂದಾಗ ನನ್ನ ಗಂಟಲು ಕಟ್ಟಿ ಬಂದಿತ್ತು. ದೇವರು ಮಾತಾಡಲ್ಲ, ನಿಜ. ಗಂಡ ಮಾತಾಡಬೇಕಲ್ಲ?

ಬಿಟಿಆರ್ ಮಾಡುತ್ತಿದ್ದಾಗ ಇವರು ಒಂದೆರಡು ಸಲ ನೀರು ಕುಡಿಯುವ ನೆಪದಲ್ಲಿ ಮೇಜಿನ ಹತ್ತಿರ ಬಂದು ಹೋದರು. ಎಂಟು ಚಕ್ರವನ್ನೂ ಕನ್ನಡಿಯ ಮೇಲೆ ನಿಲ್ಲಿಸಿದ ದಿವಸ ಹಿಂದೆ ನಿಂತು ಬಹಳ ಹೊತ್ತು ನೋಡಿದರು.

"ಟೈರು ಹೀಗೆ ಗುಂಡಗಿರಲ್ಲ ಕಣೆ" ಅಂದರು.

"ಮತ್ತೆ ಹೇಗಿರುತ್ತೆ?"

"ಅಷ್ಟು ತೂಕ ಕೂತಾಗ ಕೆಳಗೆ ಸ್ವಲ್ಪ ಚಪ್ಪಟೆ ಆಗುತ್ತೆ. ಪಕ್ಕಕ್ಕೆ ಉಬ್ಬುತ್ತೆ. ಇಲ್ದಿದ್ರೆ ಖಾಲಿ ಡಬ್ಬ ಇಟ್ಟಂಗಿರುತ್ತೆ."

ಉಜ್ಜುವ ಕಾಗದವನ್ನು ಅವರ ಕೈಗೇ ಕೊಟ್ಟೆ. ಏನೂ ಹೇಳದೆ ಕುರ್ಚಿ ಎಳೆದುಕೊಂಡು ಕೂತು, ಎಂಟು ಟೈರನ್ನೂ ಒಂದೇ ಸಮ ಉಜ್ಜಿ ಕೊಟ್ಟರು. ಅಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು. ಪಾಲಿಷ್ ಹಾಕಿ ಪಳಗಿದ ಕೈ ನೋಡಿ, ಒಂದಕ್ಕೊಂದು ತೂಗಿ ಇಟ್ಟ ಹಾಗಿತ್ತು.

ಎರಡನೆಯ ಗಾಡಿಯನ್ನು ಇವರು ಓಡಿಸಿದ್ದನ್ನೇ ಮಾಡೋಣ ಅಂದೆ. ಇವರು ಓಡಿಸುತ್ತಿದ್ದದ್ದು ಎಂಟು ಚಕ್ರದ ಟಾಟ್ರಾ. ಇದಕ್ಕೆ ಡಬ್ಬದ ಕಿಟ್ ಹುಡುಕುವ ಗೋಜಿಗೆ ಹೋಗಲಿಲ್ಲ. ಮದುವೆ ಕಾಗದದ ದಪ್ಪ ಕಾರ್ಡುಗಳು ಬೀರುವಿನಲ್ಲಿ ರಾಶಿ ಇದ್ದವು. ಗಾಡಿಯ ಅಳತೆ ಬೇಕಿತ್ತು. "ಟೈರು ಎಷ್ಟೆತ್ತರ ಇರ್ತಿತ್ತು ರೀ?" ಅಂತ ಕೇಳಿದೆ. ಇವರು ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತು "ಇಲ್ಲೀವರೆಗೆ" ಅಂತ ಎದೆಯ ಮೇಲೆ ಕೈ ಇಟ್ಟರು. ಸೀಮೆಸುಣ್ಣದಲ್ಲಿ ಗೋಡೆಗೆ ಗೆರೆ ಎಳೆದು ಟೈಲರ್ ಟೇಪಿನಿಂದ ಅಳೆದೆ. ನೂರಮೂವತ್ತು ಸೆಂಟಿಮೀಟರು. ಮೂವತ್ತೈದರಿಂದ ಭಾಗಿಸಿದರೆ ಮೂರು ಮುಕ್ಕಾಲಿಗೆ ಒಂಚೂರು ಕಡಿಮೆ. ಮನೆಯಲ್ಲಿ ಮೂರು ಮುಕ್ಕಾಲು ಸೆಂಟಿಮೀಟರಿನ ದುಂಡನೆಯ ವಸ್ತು ಏನಿದೆ ಅಂತ ಇಬ್ಬರೂ ಹುಡುಕಿದೆವು. ಹಣ್ಣಿನ ರಸದ ಬಾಟಲಿಯ ಅಗಲ ಮುಚ್ಚಳ ಸರಿ ಹೋಯಿತು! ಎರಡೆರಡು ಮುಚ್ಚಳ ಬೆನ್ನಿಗೆ ಬೆನ್ನು ಅಂಟಿಸಿ, ಹಳೆಯ ಸೈಕಲ್ ಟ್ಯೂಬಿನ ತೆಳು ಪಟ್ಟಿ ಸುತ್ತಿದೆವು. ಹದಿನಾರು ಮುಚ್ಚಳಕ್ಕಾಗಿ ಅಕ್ಕಪಕ್ಕದ ಮನೆಗಳಿಗೆಲ್ಲ ಹೇಳಿಡಬೇಕಾಯಿತು.

ಟಾಟ್ರಾದ ಕಥೆಯೂ ತಿಳಿಯಬೇಕಾದ್ದೇ. ಈಗ ಚೆಕ್ ದೇಶದಲ್ಲಿರುವ ಕೊಪ್ರಿವ್ನಿತ್ಸೆ ಎಂಬ ಊರಿನ ಕಾರ್ಖಾನೆಯದು. ಅಲ್ಲಿ ಹಾನ್ಸ್ ಲೆಡ್ವಿಂಕಾ ಎಂಬ ಇಂಜಿನಿಯರು 1923ರಲ್ಲಿ ಒಂದು ಪುಟ್ಟ ಕಾರು ತಂದ. ಉಳಿದವರೆಲ್ಲ ಏಣಿಯಂಥ ಚೌಕಟ್ಟಿನ ಮೇಲೆ ಗಾಡಿ ಕಟ್ಟುತ್ತಿದ್ದರೆ, ಇವನು ನಡುವೆ ಒಂದೇ ಒಂದು ದಪ್ಪ ಕೊಳವೆ ಇಟ್ಟ, ನಮಗೆ ಬೆನ್ನುಮೂಳೆ ಇದ್ದ ಹಾಗೆ. ಇಂಜಿನ್ನಿನಿಂದ ಚಕ್ರಕ್ಕೆ ಹೋಗುವ ಸರಳು ಆ ಕೊಳವೆಯ ಒಳಗೇ ತಿರುಗುತ್ತದೆ. ಕೊಳವೆಯ ಎರಡೂ ಪಕ್ಕಕ್ಕೆ ಅರ್ಧರ್ಧ ಅಚ್ಚು, ಹಕ್ಕಿಯ ರೆಕ್ಕೆಯಂತೆ. ಎಡಗಡೆಯ ಚಕ್ರ ಹಳ್ಳಕ್ಕೆ ಇಳಿದರೆ ಬಲಗಡೆಯದಕ್ಕೆ ಅದರ ಗೊಡವೆಯಿಲ್ಲ. ಅದರ ಪಾಡಿಗೆ ಅದು ನೆಲ ಹಿಡಿದಿರುತ್ತದೆ. ದೊಡ್ಡ ಎಂಟು ಚಕ್ರದ ಲಾರಿಗಳಿಗೂ ಇದೇ ಏರ್ಪಾಡು. ಇಂಜಿನ್ನು ತಣಿಯುವುದು ಗಾಳಿಯಿಂದ. ರೇಡಿಯೇಟರಿಗೆ ನೀರು ತುಂಬುವ ಕೆಲಸವಿಲ್ಲ. ಆದ್ದರಿಂದ ಮರುಭೂಮಿಯಲ್ಲಿ ಕುದಿಯುವ ಭಯವಿಲ್ಲ, ಹಿಮದಲ್ಲಿ ಹೆಪ್ಪುಗಟ್ಟುವ ಭಯವಿಲ್ಲ. ನಮ್ಮ ಬೆಂಗಳೂರಿನ ಬಿ.ಇ.ಎಂ.ಎಲ್. ಸಂಸ್ಥೆ 1986ರ ಒಪ್ಪಂದದ ಮೇಲೆ ಇವನ್ನು ಭಾರತದ ಸೈನ್ಯಕ್ಕೆ ಒದಗಿಸತೊಡಗಿತು. ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಪೃಥ್ವಿ ಕ್ಷಿಪಣಿಯನ್ನೂ ಪಿನಾಕ ರಾಕೆಟ್ಟುಗಳನ್ನೂ ಹೊತ್ತು ಸಾಗಿದ ಗಾಡಿಗಳನ್ನು ಟೀವಿಯಲ್ಲಿ ನೀವೂ ನೋಡಿರುತ್ತೀರಿ. ಅವು ಟಾಟ್ರಾಗಳೇ.

ಬೆನ್ನುಮೂಳೆಗೆ ಖಾಲಿಯಾದ ಪೆನ್ನಿನ ಕೊಳವೆ ಇಟ್ಟೆ. ಸ್ಟಿಯರಿಂಗ್ ಯಾವ ಕಡೆ ಅಂತ ಕೇಳಿದ್ದಕ್ಕೆ "ಎಡಗಡೆ" ಅಂದರು. ನಮ್ಮ ದೇಶದ ರಸ್ತೆಯಲ್ಲಿ ಎಡಗಡೆ ಸ್ಟಿಯರಿಂಗ್ ಹಿಡಿದು ಘಾಟಿ ಹತ್ತೋದು ಹೇಗೆ ಅನ್ನೋದನ್ನು ಕೈ ಆಡಿಸಿ ತೋರಿಸಿದರು. ಮದುವೆಯಾಗಿ ಇಪ್ಪತ್ತು ವರ್ಷಕ್ಕೂ ಮೇಲಾಗಿತ್ತು. ಇವರ ಕೈ ಸ್ಟಿಯರಿಂಗ್ ಮೇಲೆ ಹೇಗೆ ಆಡುತ್ತದೆ ಅಂತ ನಾನು ನೋಡಿದ್ದು ಅವತ್ತೇ ಮೊದಲು.

ಅಚ್ಚು ಕೂರಿಸುವ ದಿನ ಇವರು ಇನ್ನೊಂದು ಮಾತು ಹೇಳಿದರು. "ಟಾಟ್ರಾ ಖಾಲಿ ನಿಂತಾಗ ಚಕ್ರ ನೆಟ್ಟಗಿರಲ್ಲ ಕಣೆ. ಮೇಲೆ ಹೊರಕ್ಕೆ ವಾಲಿ, ಕೆಳಗೆ ಒಳಕ್ಕೆ ಸೇರಿಕೊಂಡಿರ್ತವೆ. ನೋಡ್ದೋರು ಏನೋ ಮುರಿದಿದೆ ಅಂದ್ಕೋಬೇಕು. ಹೇರು ಬಿತ್ತು ಅನ್ನು, ಎಂಟೂ ನೆಟ್ಟಗಾಗ್ತವೆ." ರೆಕ್ಕೆಯಂಥ ಆ ಅರ್ಧ ಅಚ್ಚುಗಳಿಂದ ಹಾಗಾಗುತ್ತದಂತೆ. ಹೇರು ಇಲ್ಲದಾಗ ರೆಕ್ಕೆ ಕೆಳಗೆ ಜೋತುಬೀಳುತ್ತದೆ, ಅದರ ಜೊತೆ ಚಕ್ರವೂ ಓರೆಯಾಗುತ್ತದೆ. "ಹಾಗಾದರೆ ಇದನ್ನ ಹೇಗೆ ಮಾಡೋಣ, ಖಾಲಿಯದೋ, ಹೇರಿನದೋ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೇರಿಂದೇ ಮಾಡು" ಅಂದರು.

ಅದಕ್ಕೆ ಮುಂದೆ ವ್ಯಾಖ್ಯಾನ ಬೇಕೆ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಾಲಿಷ್ ಆದ ಶೂಸು ಬಾಗಿಲ ಹತ್ತಿರ ಜೋಡಿಸಿ ಇಟ್ಟಿತ್ತು. ನನ್ನ ಗಂಡನಿಗೆ ಏನೋ ಆಗಿದೆ, ಏನೋ ಮುರಿದಿದೆ ಅಂತ ಎರಡು ವರ್ಷದಿಂದ ಒಳಗೇ ಕೊರಗಿದ್ದೆನಲ್ಲ, ಏನೂ ಮುರಿದಿರಲಿಲ್ಲ. ಇಪ್ಪತ್ತನಾಲ್ಕು ವರ್ಷ ಹೊತ್ತ ಹೇರನ್ನು ಒಂದು ದಿನ ಬೆಳಿಗ್ಗೆ ಇಳಿಸಿ "ಇನ್ನು ಹೋಗು" ಅಂದಿದ್ದರು, ಅಷ್ಟೆ.

ಆ ಗಾಡಿ ಮುಗಿಯಲು ಎರಡು ತಿಂಗಳು ಹಿಡಿಯಿತು. ಒಂದು ಸಂಜೆ ಬಣ್ಣ ಬಳಿಯುತ್ತ ಕೂತಿದ್ದಾಗ, ನಾನು ಏನೂ ಕೇಳದಿದ್ದರೂ, ಇವರೇ ಶುರು ಮಾಡಿದರು. ಬೆಟ್ಟದ ರಸ್ತೆ, ರಾತ್ರಿ, ಹಿಮ. ದೊಡ್ಡ ದೀಪ ಹಾಕುವ ಹಾಗಿಲ್ಲ. ಮುಂದಿನ ಗಾಡಿಯ ಹಿಂದಿನ ಚಿಕ್ಕ ದೀಪವನ್ನೇ ನೋಡುತ್ತ ಹೋಗಬೇಕು. ಆ ದೀಪ ಒಂದು ತಿರುವಿನಲ್ಲಿ ಒಮ್ಮೆಲೇ ಕೆಳಗೆ ಹೋಯಿತಂತೆ. "ಸಂಜೆ ನನ್ನ ತಟ್ಟೇಲೇ ಊಟ ಮಾಡಿದ್ದ" ಅಂದರು. ಹೆಸರು ಹೇಳಿದರು. ಆ ಹೆಸರನ್ನು ನಾನು ಅದುವರೆಗೂ ಕೇಳಿರಲಿಲ್ಲ. ಕುಂಚ ನಿಲ್ಲಿಸದೆ ಹೇಳಿದರು. ನಾನೂ ಕೈ ನಿಲ್ಲಿಸಲಿಲ್ಲ. ಎದುರೆದುರು ಮುಖ ನೋಡಿಕೊಂಡು ಹೇಳೋಕಾಗದ ಮಾತು, ಪಕ್ಕ ಪಕ್ಕ ಕೂತು ಕೈಕೆಲಸ ಮಾಡುವಾಗ ಹೊರಗೆ ಬರುತ್ತದೆ. ನಾವು ಹೆಂಗಸರು ಹಪ್ಪಳ ಲಟ್ಟಿಸುವಾಗ, ಅವರೆಕಾಯಿ ಬಿಡಿಸುವಾಗ ಎಷ್ಟೆಲ್ಲ ಹೇಳಿಕೊಂಡು ಹಗುರಾಗುತ್ತೇವೆ! ಗಂಡಸರಿಗೆ ಅಂಥ ಜಾಗವನ್ನು ಯಾರು ಕೊಟ್ಟಿದ್ದಾರೆ ಹೇಳಿ?

ಇನ್ನು ಆ ಪ್ರಶ್ನೆ: ಮನೆಯಲ್ಲಿ ಯುದ್ಧದ ಗಾಡಿ ಯಾಕೆ? ಕೇಳುವವರ ಮಾತಿನಲ್ಲೂ ಅರ್ಥವಿದೆ, ಇಲ್ಲವೆನ್ನುವುದಿಲ್ಲ. 1968ರ ಆಗಸ್ಟಿನಲ್ಲಿ ಸೋವಿಯತ್ ಸೈನ್ಯ ಚೆಕೊಸ್ಲೊವಾಕಿಯಾದೊಳಗೆ ನುಗ್ಗಿದಾಗ ನಮ್ಮ ಬಿಟಿಆರಿನ ಹಿರಿಯಣ್ಣ ಬಿಟಿಆರ್-60 ಕೂಡ ಅಲ್ಲಿತ್ತು. ಟಾಟ್ರಾ ಹುಟ್ಟಿದ್ದೂ ಅದೇ ದೇಶದಲ್ಲಿ. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಏರಿ ಹೋದಾಗ ಬಿಟಿಆರ್-80 ಎರಡೂ ಕಡೆಯವರ ಹತ್ತಿರ ಇತ್ತು. ಒಂದೇ ಅಚ್ಚಿನ ಗಾಡಿ, ಮೈಮೇಲಿನ ಗುರುತು ಮಾತ್ರ ಬೇರೆ. ಆ ಮಾರ್ಚ್ ಒಂದರಂದು ಖಾರ್ಕಿವ್ ನಗರದಲ್ಲಿ ನಡೆದ ಶೆಲ್ ದಾಳಿಯಲ್ಲಿ ನಮ್ಮ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ತೀರಿಕೊಂಡ. ಕರ್ನಾಟಕದ ಯಾವ ತಾಯಿ ಆ ಸುದ್ದಿ ಕೇಳಿ ಕಣ್ಣೊರೆಸಿಕೊಳ್ಳಲಿಲ್ಲ? ಎಲ್ಲೋ ದೂರದ ಯುದ್ಧ ಅನ್ನೋದು ಇಲ್ಲವೇ ಇಲ್ಲ.

ಆದರೆ ಮಾದರಿ ಮಾಡುತ್ತ ಮಾಡುತ್ತ ನನಗೆ ಗಾಡಿಗಿಂತ ಅದರ ಒಳಗಿನವರೇ ಹೆಚ್ಚು ಕಾಣತೊಡಗಿದರು. ಬಿಟಿಆರ್-80ರಲ್ಲಿ ಮೂವರು ನಡೆಸುವವರು, ಏಳು ಮಂದಿ ಸೈನಿಕರು, ಒಟ್ಟು ಹತ್ತು ಜನ. ಪಕ್ಕದ ಬಾಗಿಲು ಎರಡನೆಯ ಮೂರನೆಯ ಚಕ್ರದ ನಡುವೆ. ಅದರ ಮೇಲಿನ ಅರ್ಧ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಕೆಳಗಿನ ಅರ್ಧ ಕೆಳಗೆ ಬಿದ್ದು ಮೆಟ್ಟಿಲಾಗುತ್ತದೆ. ಗುಂಡು ಹಾರುವಾಗ ಆ ಮೆಟ್ಟಿಲಿನ ಮೇಲೆ ಕಾಲಿಟ್ಟು ಹೊರಕ್ಕೆ ನೆಗೆಯಬೇಕು. ಚಿಮುಟದಲ್ಲಿ ಆ ಪುಟ್ಟ ಬಾಗಿಲು ಹಿಡಿದಾಗೆಲ್ಲ, ಇದರಿಂದ ಇಳಿಯುವವನಿಗೆ ಎಷ್ಟು ವಯಸ್ಸಿರಬಹುದು ಅನ್ನಿಸುತ್ತದೆ. ಯಾವ ದೇಶದವನಾದರೇನು, ಅವನಿಗೂ ಒಬ್ಬಳು ತಾಯಿ ಬುತ್ತಿ ಕಟ್ಟಿ ಕಳಿಸಿರುತ್ತಾಳೆ.

ನಮ್ಮ ಬಿಟಿಆರಿಗೆ ಹಸಿರು ಬಣ್ಣ ಬಳಿಯಲಿಲ್ಲ. ಬಿಳಿ ಬಳಿದು, ಪಕ್ಕಕ್ಕೆ ಕಪ್ಪು ಬಣ್ಣದಲ್ಲಿ ವಿಶ್ವಸಂಸ್ಥೆಯ ಗುರುತಾದ ಯು.ಎನ್. ಎಂಬ ಎರಡು ಅಕ್ಷರ ಬರೆದೆವು. ಇದು ನಮ್ಮ ಕಲ್ಪನೆಯೇನಲ್ಲ. ಬಾಂಗ್ಲಾದೇಶದ ಸೈನಿಕರು ವಿಶ್ವಸಂಸ್ಥೆಯ ಶಾಂತಿಪಾಲನೆಯ ಕೆಲಸಕ್ಕೆ ಬೇರೆ ದೇಶಗಳಿಗೆ ಹೋದಾಗ ಈ ಗಾಡಿಗಳನ್ನೇ ಬಿಳಿ ಬಣ್ಣದಲ್ಲಿ ಒಯ್ದಿದ್ದಾರೆ. ಅದೇ ಎಂಟು ಚಕ್ರ, ಅದೇ ಬಾಗಿಲು. ಈಗ ಯಾರಾದರೂ ಪ್ರಶ್ನೆ ಕೇಳಿದರೆ ನಾನು ಬಿಳಿಯದನ್ನೂ ಟಾಟ್ರಾವನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಕೆಲವರಿಗೆ ಒಪ್ಪಿಗೆಯಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ಆಗದಿದ್ದವರಿಗೂ ಕಾಫಿ ಕೊಟ್ಟು ಕಳಿಸುತ್ತೇನೆ.

ನಿಮ್ಮಲ್ಲಿ ಯಾರಿಗಾದರೂ ಈ ಕೆಲಸಕ್ಕೆ ಕೈ ಹಾಕುವ ಮನಸ್ಸಾದರೆ ನಾಲ್ಕು ಮಾತು. ಅಂಟಿಗೂ ಬಣ್ಣಕ್ಕೂ ಘಾಟು ಇರುತ್ತದೆ. ಕಿಟಕಿ ತೆರೆದಿಟ್ಟೇ ಕೂರಿ, ಗ್ಯಾಸ್ ಒಲೆಯ ಹತ್ತಿರ ಅಂತೂ ಬೇಡವೇ ಬೇಡ. ಅಡಿಗೆಗೆ ಬಳಸುವ ಬಟ್ಟಲು ಚಮಚಗಳನ್ನು ಇದಕ್ಕೆ ಮುಟ್ಟಿಸಬೇಡಿ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ದರೆ ಚೂರುಗಳನ್ನೆಲ್ಲ ಎಣಿಸಿ ಡಬ್ಬಕ್ಕೆ ಹಾಕಿ ಮುಚ್ಚಳ ಬಿಗಿಯಿರಿ. ನಲವತ್ತು ದಾಟಿದವರು ಕನ್ನಡಕದ ನಂಬರು ಪರೀಕ್ಷೆ ಮಾಡಿಸಿಕೊಂಡು ಬೆಳಕಿರುವ ಕಡೆ ಕೂರಿ. ಮೊದಲ ಸಲಕ್ಕೆ ದುಡ್ಡು ಸುರಿಯಬೇಡಿ. ಮದುವೆ ಕಾಗದ, ಬಾಟಲಿ ಮುಚ್ಚಳ, ಪೆನ್ನಿನ ಕೊಳವೆ ಇಷ್ಟರಲ್ಲೇ ಎಂಥ ಗಾಡಿಯಾಗುತ್ತದೆ ಅಂತ ಮಾಡಿ ನೋಡಿ.

ನಮ್ಮ ಮೇಜಿನ ಮೇಲೆ ಈಗ ಮೂರನೆಯದು ಎದ್ದು ನಿಲ್ಲುತ್ತಿದೆ. ಜರ್ಮನಿಯ ಸೈನ್ಯಕ್ಕೆ 1975ರಲ್ಲಿ ಬಂದ ಲುಕ್ಸ್ ಎಂಬ ಗಾಡಿ. ಲುಕ್ಸ್ ಅಂದರೆ ಒಂದು ಜಾತಿಯ ಕಾಡುಬೆಕ್ಕು. ಎಂಟು ಚಕ್ರವೂ ಪಕ್ಕಕ್ಕೆ ತಿರುಗುತ್ತವೆ. ತಮಾಷೆಯೆಂದರೆ ಅದಕ್ಕೆ ಮುಂದೊಬ್ಬ ಡ್ರೈವರ್, ಹಿಂದೊಬ್ಬ ಡ್ರೈವರ್! ಅಪಾಯ ಕಂಡರೆ ಗಾಡಿ ತಿರುಗಿಸುವ ಕೆಲಸವಿಲ್ಲ, ಹಿಂದಿನವನು ಸ್ಟಿಯರಿಂಗ್ ಹಿಡಿದು ಅಷ್ಟೇ ವೇಗದಲ್ಲಿ ಹಿಂದಕ್ಕೆ ಓಡಿಸುತ್ತಾನೆ. "ಸಂಸಾರಕ್ಕೆ ಹೇಳಿ ಮಾಡಿಸಿದ ಗಾಡಿ" ಅಂತ ನಮ್ಮನೆಯವರು ನಗುತ್ತಾರೆ. ಹೌದು, ನಗುತ್ತಾರೆ. ಭಾನುವಾರ ಬೀದಿಯ ನಾಲ್ಕೈದು ಹುಡುಗರು ಬರುತ್ತಾರೆ. ಇವರು ಒಬ್ಬೊಬ್ಬನ ಕೈಗೂ ಒಂದೊಂದು ಚಕ್ರ ಕೊಟ್ಟು, ಒಂದೇ ಸಮ ಉಜ್ಜಿ ತರಬೇಕು ಅಂತ ಹುಕುಂ ಮಾಡುತ್ತಾರೆ. ಶೂಸಿಗೆ ಪಾಲಿಷ್ ಇನ್ನು ವಾರಕ್ಕೊಂದೇ ಸಲ.

ಸೋದರಿಯರೇ, ನಿಮ್ಮ ಮನೆಯಲ್ಲೂ ಸೈನ್ಯದಿಂದಲೋ, ಬಸ್ ಡಿಪೋದಿಂದಲೋ, ಶಾಲೆಯಿಂದಲೋ ನಿವೃತ್ತರಾಗಿ ಜಗಲಿಯ ಮೇಲೆ ಸುಮ್ಮನೆ ಕೂತವರು ಇರಬಹುದು. "ಇಷ್ಟು ದಿನ ದುಡಿದಿದ್ದೀರಿ, ಇನ್ನು ಆರಾಮಾಗಿರಿ" ಅಂತ ನಾವು ಪ್ರೀತಿಯಿಂದಲೇ ಹೇಳುತ್ತೇವೆ. ಅದರ ಬದಲು ಅವರಿಗೆ ಗೊತ್ತಿರುವುದೊಂದನ್ನು ಕೇಳಿ ನೋಡಿ. "ಇದು ಎಷ್ಟೆತ್ತರ ಇರ್ತಿತ್ತು?" ಅನ್ನಿ. ಕೈಗೆ ಏನಾದರೂ ಕೊಡಿ. ಮಿಲಿಟರಿ ಗಾಡಿಯೇ ಆಗಬೇಕೆಂದಿಲ್ಲ. ಹೊತ್ತು ಅಭ್ಯಾಸವಾದ ಬೆನ್ನಿಗೆ ಸ್ವಲ್ಪ ಹೇರು ಬೇಕು, ಅಷ್ಟೆ.